ತೆಂಗಿನಕಾಯಿಯ ಲೆಕ್ಕ, ಕಪ್ಪುಹಲಗೆಯ ಲೆಕ್ಕ

ಮಲೆನಾಡಿನ ಜಿಲ್ಲೆ ಎಂದು ಹೆಸರಾದ ಚಿಕ್ಕಮಗಳೂರಿಗೆ ಒಂದು ಬಯಲುಸೀಮೆಯೂ ಉಂಟು. ಕಡೂರು ತಾಲ್ಲೂಕಿನ ಪಂಚನಹಳ್ಳಿ ಹೋಬಳಿ ಸೇರುವುದು ಅದಕ್ಕೆ. ಕಾಫಿ ತೋಟಗಳ ಮಂಜು ಇತ್ತ ಸುಳಿಯುವುದಿಲ್ಲ. ಮಳೆ ಬಂದರೆ ರಾಗಿ, ಮಳೆ ಕೈಕೊಟ್ಟರೆ ತೆಂಗೇ ದಿಕ್ಕು. ಈ ಸೀಮೆಯ ಒಂದು ತೋಟದ ಬದುವಿನಲ್ಲಿ ಐದನೇ ತರಗತಿಯ ಹುಡುಗಿಯೊಬ್ಬಳು ಕಾಯಿ ರಾಶಿಯ ಪಕ್ಕ ಕುಳಿತಿದ್ದಾಳೆ ಎಂದು ಊಹಿಸಿಕೊಳ್ಳಿ. ಹಬ್ಬಕ್ಕೆಂದು ಯಾರೋ ಬಂದು ಹದಿನೈದು ಕಾಯಿ ಕೇಳುತ್ತಾರೆ. ಒಂದು ಕಾಯಿಗೆ 28 ರೂಪಾಯಿ. ಹುಡುಗಿ ಪೆನ್ನು, ಕಾಗದ ಹುಡುಕುವುದಿಲ್ಲ. ಹತ್ತು ಕಾಯಿಗೆ ಇನ್ನೂರ ಎಂಬತ್ತು, ಐದು ಕಾಯಿಗೆ ಅದರ ಅರ್ಧ ನೂರ ನಲವತ್ತು, ಒಟ್ಟು ನಾನೂರ ಇಪ್ಪತ್ತು ಎಂದು ಬಾಯಲ್ಲೇ ಹೇಳಿ, ಐನೂರರ ನೋಟಿಗೆ ಎಂಬತ್ತು ರೂಪಾಯಿ ಚಿಲ್ಲರೆ ಎಣಿಸಿ ಕೊಡುತ್ತಾಳೆ.

ಮರುದಿನ ಶಾಲೆಯಲ್ಲಿ ಕಪ್ಪುಹಲಗೆಯ ಮೇಲೆ 28ನ್ನು 15ರಿಂದ ಗುಣಿಸುವ ಲೆಕ್ಕ. ಅದೇ ಹುಡುಗಿ ಎದ್ದು ನಿಲ್ಲುತ್ತಾಳೆ. ಐದೆಂಟಲ ನಲವತ್ತು, ಸೊನ್ನೆ ಬರೆದು ನಾಲ್ಕು ಕೈಯಲ್ಲಿ. ಐದೆರಡಲ ಹತ್ತು, ಕೈಯಲ್ಲಿದ್ದ ನಾಲ್ಕು ಸೇರಿ ಹದಿನಾಲ್ಕು. ಮೊದಲ ಸಾಲು 140. ಎರಡನೇ ಸಾಲಿನ 28ನ್ನು ಒಂದು ಸ್ಥಾನ ಎಡಕ್ಕೆ ಸರಿಸಿ ಬರೆಯಬೇಕು; ಅವಳು ನೇರ ಕೆಳಗೇ ಬರೆದಳು. ಕೂಡಿದರೆ 168. ಉತ್ತರ ತಪ್ಪು. ಹಿಂದಿನ ದಿನ ಅವಳ ಚುರುಕುತನ ನೋಡಿದವರು ಇಲ್ಲಿಲ್ಲ. ಇಲ್ಲಿರುವವರಿಗೆ ಕಾಣುವುದು ಗುಣಾಕಾರ ಬಾರದ ಒಂದು ಮಗು.

ಇಂಥ ತಪ್ಪುಗಳ ಮೇಲೆಯೇ ನಮ್ಮಲ್ಲಿ ಒಂದು ನಂಬಿಕೆ ಕಟ್ಟಿಕೊಂಡಿದೆ. ಪೇಟೆಯ ಮಕ್ಕಳು ಲೆಕ್ಕದಲ್ಲಿ ಬುದ್ಧಿವಂತರು, ಹಳ್ಳಿಯ ಮಕ್ಕಳಿಗೆ ಗಣಿತ ತಲೆಗೆ ಹತ್ತುವುದಿಲ್ಲ ಎಂಬುದು ಆ ನಂಬಿಕೆ. ಅದನ್ನು ಹೇಳುವವರಲ್ಲಿ ಮೇಷ್ಟರೂ ಇದ್ದಾರೆ, ತಂದೆತಾಯಿಯರೂ ಇದ್ದಾರೆ. ದುಃಖದ ಸಂಗತಿಯೆಂದರೆ ಮಕ್ಕಳೇ ಅದನ್ನು ನಂಬಿಬಿಡುತ್ತಾರೆ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಯಾವ ಕಾಲೇಜು, ಯಾವ ವಿಷಯ ಎಂಬ ಪ್ರಶ್ನೆ ಬಂದಾಗ 'ನಮಗೆ ಗಣಿತ ಆಗಿಬರಲ್ಲ' ಎಂಬ ಒಂದೇ ಮಾತಿನಲ್ಲಿ ವಿಜ್ಞಾನದ ಬಾಗಿಲು ಮುಚ್ಚಿಕೊಳ್ಳುತ್ತದೆ. ಈ ನಂಬಿಕೆ ಎಷ್ಟರಮಟ್ಟಿಗೆ ನಿಜ ಎಂದು ಸ್ವಲ್ಪ ವಿಚಾರಿಸೋಣ.

ಅಂಕಿಅಂಶ ಹೇಳುವುದೇನು?

ಮೊದಲು ಎಲ್ಲರಿಗೂ ಪರಿಚಿತವಾದ ಎಸ್ಸೆಸ್ಸೆಲ್ಸಿ ಫಲಿತಾಂಶವನ್ನೇ ನೋಡಿ. 2023ರಲ್ಲಿ ರಾಜ್ಯದ ಗ್ರಾಮೀಣ ವಿದ್ಯಾರ್ಥಿಗಳಲ್ಲಿ ಶೇ 87ರಷ್ಟು ಮಂದಿ ತೇರ್ಗಡೆಯಾದರು. ನಗರದವರಲ್ಲಿ ಈ ಪ್ರಮಾಣ ಶೇ 80ರ ಆಸುಪಾಸಿನಲ್ಲಿತ್ತು. ಮುಂದೆ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂತು, ಎರಡೂ ಕಡೆ ಫಲಿತಾಂಶ ಇಳಿಯಿತು. 2025ರಲ್ಲಿ ನಗರದವರು ಸುಮಾರು ಶೇ 67, ಗ್ರಾಮೀಣರು ಸುಮಾರು ಶೇ 65. ಎರಡು ವರ್ಷಗಳಲ್ಲಿ ಮುಂದಿದ್ದವರು ಹಿಂದಾದರು, ಹಿಂದಿದ್ದವರು ಮುಂದಾದರು. ಅಷ್ಟು ಬೇಗ ಯಾವ ಊರಿನ ಮಕ್ಕಳ ಬುದ್ಧಿಯೂ ಹೆಚ್ಚುವುದಿಲ್ಲ, ಕುಗ್ಗುವುದೂ ಇಲ್ಲ. ಅಲ್ಲದೆ ಇದು ಎಲ್ಲ ವಿಷಯಗಳ ಒಟ್ಟು ಫಲಿತಾಂಶ, ಗಣಿತ ಒಂದರದ್ದಲ್ಲ. ಆದ್ದರಿಂದ ಈ ಅಂಕಿಗಳಿಂದ ಬುದ್ಧಿಯನ್ನು ಅಳೆಯಲು ಹೊರಡುವುದು ತಕ್ಕಡಿಯಲ್ಲಿ ಎತ್ತರವನ್ನು ತೂಗಿದಂತೆ.

ಇದಕ್ಕಿಂತ ಹೆಚ್ಚು ಯೋಚಿಸಬೇಕಾದ ಅಂಕಿ ಬೇರೊಂದಿದೆ. 2024ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ದೇಶದಾದ್ಯಂತ 3, 6 ಮತ್ತು 9ನೇ ತರಗತಿಯ 21 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ 'ಪರಖ್' ಎಂಬ ಸಮೀಕ್ಷೆಯ ಪರೀಕ್ಷೆ ನಡೆಸಿತು. ಗಣಿತದಲ್ಲಿ ಮೂರನೇ ತರಗತಿಯ ಸರಾಸರಿ ಶೇ 60. ಆರನೇ ತರಗತಿಗೆ ಅದು ಶೇ 46ಕ್ಕೆ ಇಳಿಯಿತು, ಒಂಬತ್ತನೆಯದಕ್ಕೆ ಶೇ 37ಕ್ಕೆ. ಗಮನಿಸಬೇಕಾದದ್ದು ಇದು: ಮೂರನೇ ತರಗತಿಯಲ್ಲಿ ಗಣಿತದಲ್ಲಿ ಮುಂದಿದ್ದವರು ಹಳ್ಳಿಯ ಮಕ್ಕಳು. ಆರನೇ ಮತ್ತು ಒಂಬತ್ತನೇ ತರಗತಿಯಲ್ಲಿ ಪೇಟೆಯ ಮಕ್ಕಳು.

ಅಂದರೆ ಹಳ್ಳಿಯ ಮಗು ಶಾಲೆಯ ಮೆಟ್ಟಿಲು ಹತ್ತುವಾಗ ಗಣಿತದಲ್ಲಿ ಹಿಂದಿರುವುದಿಲ್ಲ. ಹಿಂದೆ ಬೀಳುವುದು ಹತ್ತಿದ ಮೇಲೆ, ದಾರಿಯಲ್ಲಿ. ಹುಟ್ಟಿನಿಂದ ಬಂದ ಕೊರತೆಯಾಗಿದ್ದರೆ ಅದು ಎಂಟನೇ ವಯಸ್ಸಿನಲ್ಲೇ ಕಾಣಬೇಕಿತ್ತು.

ಬುದ್ಧಿಯನ್ನು ಅಳೆದವರ ಕಥೆ

ಬುದ್ಧಿಶಕ್ತಿಯನ್ನು ಅಳೆಯುವ ಪರೀಕ್ಷೆ ಹುಟ್ಟಿದ್ದು 1905ರಲ್ಲಿ, ಪ್ಯಾರಿಸ್ಸಿನಲ್ಲಿ. ಪಾಠದಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸಿ ಅವರಿಗೆ ವಿಶೇಷ ನೆರವು ಕೊಡಬೇಕು ಎಂಬುದು ಆಲ್‌ಫ್ರೆಡ್ ಬಿನೆ ಎಂಬ ಮನೋವಿಜ್ಞಾನಿಯ ಉದ್ದೇಶ. ಬುದ್ಧಿ ಎಂಬುದು ಹುಟ್ಟಿನಿಂದ ಬಂದು ಎಂದಿಗೂ ಬದಲಾಗದ ವಸ್ತು ಎಂಬ ಮಾತನ್ನು ಆತ ಒಪ್ಪಿರಲಿಲ್ಲ. ಆದರೆ ಪರೀಕ್ಷೆ ಅಮೆರಿಕಕ್ಕೆ ಹೋಗಿ 1916ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹೊಸ ರೂಪ ಪಡೆಯುವ ಹೊತ್ತಿಗೆ, ನೆರವಿಗೆಂದು ಹುಟ್ಟಿದ್ದು ಹಣೆಬರಹ ಓದುವ ಸಾಧನವಾಗಿತ್ತು.

ಕರ್ನಾಟಕಕ್ಕೂ ಈ ವಿದ್ಯೆ ಬೇಗನೆ ಬಂತು. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಎಂಬ ಪ್ರಸಿದ್ಧ ಮನೋವಿಜ್ಞಾನಿಯ ಬಳಿ ಓದಿ ಬಂದ ಎಂ.ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿದರು. ಮೈಸೂರಿನ ತಮ್ಮ ಮನೆಯಿಂದ 'ಆಕಾಶವಾಣಿ'ಯನ್ನು ಆರಂಭಿಸಿದವರೂ ಇವರೇ. ಎಲ್ಲ ಬಗೆಯ ಜಾಣತನದ ಹಿಂದೆ ಒಂದೇ ಸಾಮಾನ್ಯ ಬುದ್ಧಿಶಕ್ತಿ ಇದೆ ಎಂಬುದು ಸ್ಪಿಯರ್‌ಮನ್ ವಾದ. ಅತ್ತ ಧಾರವಾಡ ಸೀಮೆಯಲ್ಲಿ ವಿ.ವಿ. ಕಾಮತ್ ಅವರು ಬಿನೆಯ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದುವಂತೆ 1934ರ ಹೊತ್ತಿಗೆ ತಿದ್ದಿ ರೂಪಿಸಿದರು. ಆ 'ಬಿನೆ–ಕಾಮತ್ ಪರೀಕ್ಷೆ' ನಮ್ಮ ದೇಶದ ಆಸ್ಪತ್ರೆಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಪ್ಯಾರಿಸ್ಸಿನ ಪ್ರಶ್ನೆ ಧಾರವಾಡಕ್ಕೆ ಹೊಂದುವುದಿಲ್ಲ ಎಂದು ಕಾಮತರಿಗೆ ತಿಳಿದಿತ್ತು. ಧಾರವಾಡದ ಪೇಟೆಗೆ ಹೊಂದಿದ್ದು ಹಳ್ಳಿಗೆ ಹೊಂದೀತೇ ಎಂಬುದು ಅದರ ಮುಂದಿನ ಪ್ರಶ್ನೆ.

ಈ ಪ್ರಶ್ನೆಗೆ ಹೊರದೇಶಗಳ ಮೂರು ಹಳೆಯ ಅಧ್ಯಯನಗಳು ಚೆನ್ನಾಗಿ ಉತ್ತರ ಹೇಳುತ್ತವೆ. 1923ರಲ್ಲಿ ಹ್ಯೂ ಗೋರ್ಡನ್ ಎಂಬ ಶಾಲಾ ತನಿಖಾಧಿಕಾರಿ ಇಂಗ್ಲೆಂಡಿನ ಕಾಲುವೆಗಳಲ್ಲಿ ದೋಣಿಯ ಮೇಲೆಯೇ ಬಾಳುವ ಕುಟುಂಬಗಳ 76 ಮಕ್ಕಳನ್ನು ಪರೀಕ್ಷಿಸಿದ. ಇವರು ಶಾಲೆ ಕಾಣುತ್ತಿದ್ದುದು ವರ್ಷದಲ್ಲಿ ಕೆಲವೇ ದಿನ. ಸಾಮಾನ್ಯ ಮಗುವಿನ ಬುದ್ಧಿಸೂಚ್ಯಂಕ 100 ಎಂದಿಟ್ಟುಕೊಂಡರೆ, ಇವರಲ್ಲಿ ನಾಲ್ಕರಿಂದ ಆರು ವರ್ಷದವರದ್ದು 90 ಇತ್ತು. ದೊಡ್ಡ ಮಕ್ಕಳದ್ದು 60ಕ್ಕೆ ಇಳಿದಿತ್ತು. ಒಂದೇ ದೋಣಿಯಲ್ಲಿ ತಮ್ಮ ಜಾಣ, ಅಣ್ಣ ದಡ್ಡ! ಪರೀಕ್ಷೆ ಅಳೆಯುತ್ತಿದ್ದುದು ಬುದ್ಧಿಯನ್ನಲ್ಲ, ಶಾಲೆ ತಪ್ಪಿದ ವರ್ಷಗಳನ್ನು.

ಎರಡನೆಯದು ಅಮೆರಿಕದ ಟೆನೆಸಿ ರಾಜ್ಯದ ಬೆಟ್ಟದ ಊರುಗಳದ್ದು. 1930ರಲ್ಲಿ ಅಲ್ಲಿಯ ಮಕ್ಕಳ ಸೂಚ್ಯಂಕ ಸುಮಾರು 82 ಇತ್ತು. ಹತ್ತು ವರ್ಷಗಳಲ್ಲಿ ಆ ಸೀಮೆಗೆ ರಸ್ತೆ ಬಂತು, ಬಸ್ಸು ಬಂತು, ಶಾಲೆಗಳು ಸುಧಾರಿಸಿದವು. 1940ರಲ್ಲಿ ಅದೇ ಊರುಗಳಲ್ಲಿ ಮತ್ತೆ ಅಳೆದಾಗ ಸೂಚ್ಯಂಕ ಸುಮಾರು 93. ರಸ್ತೆಯಿಂದ ಏರುವ ಬುದ್ಧಿ ರಕ್ತದಲ್ಲಿ ಬಂದದ್ದಾಗಿರಲಾರದು.

ಮೂರನೆಯದು ರಷ್ಯಾದ ಅಲೆಕ್ಸಾಂಡರ್ ಲೂರಿಯಾ ಎಂಬ ವಿಜ್ಞಾನಿಯದ್ದು. 1931–32ರಲ್ಲಿ ಆತ ಉಜ್ಬೇಕಿಸ್ತಾನದ ಓದುಬರಹವಿಲ್ಲದ ರೈತರಿಗೆ ಸುತ್ತಿಗೆ, ಗರಗಸ, ಕೊಡಲಿ, ಮರದ ದಿಮ್ಮಿ ಈ ನಾಲ್ಕರಲ್ಲಿ ಗುಂಪಿಗೆ ಸೇರದ್ದು ಯಾವುದು ಎಂದು ಕೇಳಿದ. 'ಸರಿ' ಉತ್ತರ ದಿಮ್ಮಿ. ಉಳಿದ ಮೂರೂ ಉಪಕರಣಗಳು. ರೈತರು ಒಪ್ಪಲಿಲ್ಲ. ದಿಮ್ಮಿಯನ್ನೇ ತೆಗೆದುಬಿಟ್ಟರೆ ಗರಗಸದಿಂದ ಕೊಯ್ಯುವುದಾದರೂ ಏನನ್ನು ಎಂಬುದು ಅವರ ನ್ಯಾಯ. ಸ್ವಲ್ಪ ಕಾಲ ಶಾಲೆಗೆ ಹೋಗಿ ಬಂದ ಅವರದೇ ಊರಿನವರು ಮಾತ್ರ ದಿಮ್ಮಿಯನ್ನು ಹೊರಗಿಟ್ಟರು. ಪ್ರಶ್ನೆ ಕೇಳುವವನ ಮನಸ್ಸಿನಲ್ಲಿ ಯಾವ ಉತ್ತರವಿದೆ ಎಂದು ಊಹಿಸುವುದನ್ನೂ ಶಾಲೆಯೇ ಕಲಿಸುತ್ತದೆ.

ಬುದ್ಧಿ ಒಂದೋ, ಹಲವೋ?

ಅಮೆರಿಕದ ಹಾವರ್ಡ್ ಗಾರ್ಡ್‌ನರ್ 1983ರಲ್ಲಿ ಬೇರೆಯೇ ವಾದ ಮುಂದಿಟ್ಟರು. ಬುದ್ಧಿ ಒಂದಲ್ಲ, ಹಲವು. ಭಾಷೆಯದ್ದು, ತರ್ಕ–ಗಣಿತದ್ದು, ಆಕಾರ–ಅಂತರಗಳದ್ದು, ಸಂಗೀತದ್ದು, ಮೈಕೈಯ ಚಳಕದ್ದು, ಪರರನ್ನು ಅರಿಯುವುದು, ತನ್ನನ್ನು ತಾನು ಅರಿಯುವುದು ಎಂದು ಮೊದಲು ಏಳನ್ನು ಹೇಳಿ, ಮುಂದೆ ಗಿಡಮರ, ಪ್ರಾಣಿಪಕ್ಷಿಗಳ ಜ್ಞಾನವನ್ನು ಎಂಟನೆಯದಾಗಿ ಸೇರಿಸಿದರು. ಈ ವಾದ ಶಿಕ್ಷಕರಿಗೆ ಬಹಳ ಹಿಡಿಸಿತು. ಮನೋವಿಜ್ಞಾನಿಗಳಲ್ಲಿ ಅನೇಕರು ಇದಕ್ಕೆ ಸಾಕಷ್ಟು ಪುರಾವೆ ಇಲ್ಲವೆಂದು ಇಂದಿಗೂ ತಕರಾರು ತೆಗೆಯುತ್ತಾರೆ.

ನಮ್ಮ ವಿಷಯಕ್ಕೆ ಇದರಲ್ಲಿ ಒಂದು ಅನುಕೂಲವೂ ಇದೆ, ಒಂದು ಅಪಾಯವೂ ಇದೆ. ಪರೀಕ್ಷೆಯ ಅಂಕವೇ ಸರ್ವಸ್ವವಲ್ಲ ಎಂದು ಒಪ್ಪಿಸಿದ್ದು ಅನುಕೂಲ. ಹಳ್ಳಿಯ ಮಗುವಿಗೆ ಗಿಡಮರದ ಬುದ್ಧಿ, ಪೇಟೆಯ ಮಗುವಿಗೆ ಗಣಿತದ ಬುದ್ಧಿ ಎಂದು ಪಾಲು ಹಂಚಿಬಿಡುವುದು ಅಪಾಯ. ಹೊಗಳಿಕೆಯ ಮಾತಿನಲ್ಲೇ ಮಗುವನ್ನು ಗಣಿತದಿಂದ ಹೊರಗೆ ಕಳಿಸಿದಂತಾಗುತ್ತದೆ. ಹದಿನೈದು ಕಾಯಿಯ ಬೆಲೆಯನ್ನು ಬಾಯಲ್ಲೇ ಹೇಳಿದ ಹುಡುಗಿ ಬಳಸಿದ್ದು ಗಣಿತದ ಬುದ್ಧಿಯನ್ನೇ, ಬೇರೆ ಯಾವುದನ್ನೂ ಅಲ್ಲ.

ಬ್ರೆಜಿಲ್‌ನ ಎಳನೀರು, ಕೋಲ್ಕತ್ತದ ಸಂತೆ

ಈ ಮಾತಿಗೆ ಆಧಾರ ಸಿಕ್ಕಿದ್ದು ಇನ್ನೊಂದು ತೆಂಗಿನ ನಾಡಿನಲ್ಲಿ. ಬ್ರೆಜಿಲ್ ದೇಶದ ರೆಸಿಫೆ ನಗರದ ಬೀದಿಗಳಲ್ಲಿ ಎಳನೀರು, ಹಣ್ಣು ಮಾರುವ ಐದು ಮಕ್ಕಳ ಬಳಿಗೆ ಸಂಶೋಧಕರು ಗಿರಾಕಿಗಳಂತೆ ಹೋದರು. ವ್ಯಾಪಾರದ ಮಾತಿನಲ್ಲೇ 63 ಲೆಕ್ಕ ಕೇಳಿದರು. ಶೇ 98 ಸರಿ. ಆಮೇಲೆ ಅದೇ ಬಗೆಯ ಲೆಕ್ಕಗಳನ್ನು ಕಾಗದ, ಪೆನ್ಸಿಲ್ ಕೊಟ್ಟು ಕೇಳಿದರು. ಕಥೆಯ ರೂಪದಲ್ಲಿದ್ದ ಲೆಕ್ಕಗಳಲ್ಲಿ ಶೇ 74, ಬರಿಯ ಅಂಕಿಗಳಲ್ಲಿ ಶೇ 37 ಮಾತ್ರ ಸರಿ. ಹನ್ನೆರಡು ವರ್ಷದ ಒಬ್ಬ ಹುಡುಗ 35ರ ದರದಲ್ಲಿ ನಾಲ್ಕು ಕಾಯಿಗೆ 140 ಎಂದು ಬಾಯಲ್ಲಿ ಹೇಳಿದ್ದ. ಕಾಗದದ ಮೇಲೆ 35ನ್ನು 4ರಿಂದ ಗುಣಿಸಿ 200 ಎಂದು ಬರೆದ. ಕೈಯಲ್ಲಿದ್ದ ಎರಡನ್ನು ಮೊದಲೇ ಮೂರಕ್ಕೆ ಕೂಡಿ ಆಮೇಲೆ ಗುಣಿಸಿದ್ದ. 1985ರಲ್ಲಿ ಪ್ರಕಟವಾದ ಈ ಅಧ್ಯಯನ ಶಿಕ್ಷಣ ಜಗತ್ತಿನಲ್ಲಿ ದೊಡ್ಡ ಚರ್ಚೆ ಎಬ್ಬಿಸಿತು.

ಐದು ಮಕ್ಕಳಿಂದ ಏನು ತೀರ್ಮಾನಿಸಲು ಸಾಧ್ಯ ಎಂದು ಕೇಳುವವರಿಗೆ ಉತ್ತರ ನಮ್ಮ ದೇಶದಿಂದಲೇ ಬಂದಿದೆ. ನೊಬೆಲ್ ಪುರಸ್ಕೃತರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತು ಸಂಗಡಿಗರು ಕೋಲ್ಕತ್ತ, ದೆಹಲಿಯ ಸಂತೆಗಳಲ್ಲಿ ಕೆಲಸ ಮಾಡುವ 1,436 ಮಕ್ಕಳನ್ನೂ, 471 ಶಾಲಾ ಮಕ್ಕಳನ್ನೂ ಪರೀಕ್ಷಿಸಿದರು. 'ನೇಚರ್' ಪತ್ರಿಕೆಯಲ್ಲಿ 2025ರಲ್ಲಿ ಅದರ ವರದಿ ಬಂತು. ಸಂತೆಯ ಮಕ್ಕಳು ತೂಕ, ದರ, ಚಿಲ್ಲರೆ ಎಲ್ಲವನ್ನೂ ಕೂಡಿಸಿ ಕ್ಷಣದಲ್ಲಿ ಹೇಳುತ್ತಿದ್ದರು, ಶಾಲೆಯ ಸರಳ ಲೆಕ್ಕದ ಮುಂದೆ ತಡವರಿಸುತ್ತಿದ್ದರು. ಶಾಲೆಯ ಮಕ್ಕಳದ್ದು ಇದರ ತಿರುವುಮುರುವು. ಸಂತೆಯ ಮಕ್ಕಳಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮಂದಿ ಬಿಡಿಸಿದ ಒಂದು ವ್ಯಾಪಾರದ ಲೆಕ್ಕವನ್ನು ಶಾಲೆಯ ಮಕ್ಕಳಲ್ಲಿ ಬಿಡಿಸಿದವರು ಶೇ 1 ಮಾತ್ರ.

ಈ ಎರಡನೇ ಅರ್ಧವನ್ನು ನಾವು ಮರೆಯಬಾರದು. ಇಲ್ಲಿ ಸೋತವರು ಬೀದಿಯ ಮಕ್ಕಳಷ್ಟೇ ಅಲ್ಲ. ಪುಸ್ತಕದ ಲೆಕ್ಕದಲ್ಲಿ ನೂರಕ್ಕೆ ನೂರು ಪಡೆದು, ಅಂಗಡಿಯಲ್ಲಿ ಮುಕ್ಕಾಲು ಕಿಲೋ ಬೆಲೆ ಕೇಳಿದರೆ ಮೊಬೈಲ್ ತೆಗೆಯುವ ಮಗುವೂ ಸೋತಿದೆ. ಸಮೀಕ್ಷೆ ನಡೆದದ್ದು ಮಹಾನಗರಗಳಲ್ಲಿ. ಆದರೂ ಅಲ್ಲಿ ಕಂಡದ್ದು ಪಂಚನಹಳ್ಳಿಯ ತೋಟಕ್ಕೂ ಒಪ್ಪುತ್ತದೆ. ಅಂತರವಿರುವುದು ಹಳ್ಳಿಗೂ ಪೇಟೆಗೂ ನಡುವೆ ಎನ್ನುವುದಕ್ಕಿಂತ ಬಾಯಿಲೆಕ್ಕಕ್ಕೂ ಬರಹದ ಲೆಕ್ಕಕ್ಕೂ ನಡುವೆ.

ಕನ್ನಡದ ಲೆಕ್ಕದ ದಾರಿ

ಈ ಅಂತರ ನಮ್ಮಲ್ಲಿ ಹಿಂದಿನಿಂದ ಬಂದದ್ದಲ್ಲ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. ಅದರ ಲೆಕ್ಕಗಳಲ್ಲಿ ಹಣ್ಣು, ಹೂವು, ವ್ಯಾಪಾರಿಗಳು ತುಂಬಿದ್ದಾರೆ. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ಗಣಿತ ಬರೆದಾಗ ಒಂದು ಗ್ರಂಥಕ್ಕೆ ಇಟ್ಟ ಹೆಸರು 'ವ್ಯವಹಾರಗಣಿತ'. ಹೊಲ ಅಳೆಯುವವನಿಗೂ ಅಂಗಡಿಯವನಿಗೂ ಬೇಕಾದದ್ದೇ ಗಣಿತ ಎಂಬ ಭಾವನೆ ಆ ಹೆಸರಿನಲ್ಲಿದೆ.

ಹಳೆಯ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಅಂಕಿ ತಿದ್ದುತ್ತಿದ್ದರು, ಮಗ್ಗಿಯ ಜೊತೆಗೆ ಕಾಲು, ಅರೆ, ಮುಕ್ಕಾಲುಗಳ ಲೆಕ್ಕವನ್ನೂ ಬಾಯಿಪಾಠ ಮಾಡುತ್ತಿದ್ದರು. ಹೊರಗೆ ಬಂದರೆ ಅದೇ ಲೆಕ್ಕ ಕಣದಲ್ಲಿ ಕಾಣುತ್ತಿತ್ತು: ನಾಲ್ಕು ಪಾವಿಗೆ ಒಂದು ಸೇರು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ, ಹದಿನಾರಾಣೆಗೆ ಒಂದು ರೂಪಾಯಿ. ರಾಗಿ ಅಳೆಯುವ ರೈತ ಮೊದಲ ಅಳತೆಗೆ 'ಒಂದು' ಎನ್ನದೆ 'ಲಾಭ' ಎಂದು ಎಣಿಕೆ ಶುರು ಮಾಡುತ್ತಿದ್ದ. ಆ ಕಾಲವನ್ನು ಹೊಗಳಿ ಕೂರಬೇಕಿಲ್ಲ. ಕೂಲಿಮಠದಲ್ಲಿ ಬೆತ್ತವೂ ಇತ್ತು, ಅಲ್ಲಿಗೆ ಬರಲಾಗದ ಜಾತಿಗಳ ಮಕ್ಕಳೂ ಹೆಣ್ಣುಮಕ್ಕಳೂ ಬಹಳ ಇದ್ದರು. ಆದರೆ ಕಲಿತ ಲೆಕ್ಕಕ್ಕೂ ಬಾಳಿನ ಲೆಕ್ಕಕ್ಕೂ ನಂಟಿತ್ತು.

1957ರ ಏಪ್ರಿಲ್ 1ರಂದು ನಯಾಪೈಸೆ ಬಂತು. ಅದರ ಬೆನ್ನಿಗೇ ಕಿಲೋ, ಲೀಟರು, ಮೀಟರು ಬಂದವು. ದಶಮಾಂಶದಿಂದ ಲೆಕ್ಕ ಸುಲಭವಾಯಿತೆಂಬುದರಲ್ಲಿ ಸಂದೇಹವಿಲ್ಲ. ಎಲ್ಲರಿಗೂ ಶಾಲೆ ತೆರೆದದ್ದು ಅದಕ್ಕಿಂತ ದೊಡ್ಡ ಲಾಭ. ಆದರೆ ಆ ಗಡಿಬಿಡಿಯಲ್ಲಿ ಬಾಯಿಲೆಕ್ಕ ಶಾಲೆಯ ಹೊರಗೆ ಉಳಿಯಿತು. ಅಜ್ಜನ ಗಣಿತ ಬೇರೆ, ಮೊಮ್ಮಗನ ಗಣಿತ ಬೇರೆ ಆಯಿತು.

ದಾರಿ ತಪ್ಪುವುದೆಲ್ಲಿ?

ಮೂರನೇ ತರಗತಿಯವರೆಗೆ ಗಣಿತ ಕೈಬೆರಳಿಗೆ, ಹುಣಸೆ ಬೀಜಕ್ಕೆ ಸಿಗುವಂಥದ್ದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆ ಹಬ್ಬಿದ 'ನಲಿ ಕಲಿ' ಪದ್ಧತಿ ನಂಬಿದ್ದೂ ಇದನ್ನೇ. ನಾಲ್ಕು, ಐದಕ್ಕೆ ಬರುವಾಗ ಉದ್ದದ ಭಾಗಾಕಾರ, ಭಿನ್ನರಾಶಿ ಬರುತ್ತವೆ. 2024ರ 'ಅಸರ್' ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ ಐದನೇ ತರಗತಿಯ ಮಕ್ಕಳಲ್ಲಿ ಭಾಗಾಕಾರ ಮಾಡಬಲ್ಲವರು ಶೇ 30.7 ಮಾತ್ರ. ಆ ಬಳಿಕ ಅಂಕಿಗಳ ಜಾಗಕ್ಕೆ ಅಕ್ಷರಗಳು ಬಂದು ಕೂರುತ್ತವೆ. ಇಲ್ಲಿ ಮಗುವಿಗೆ ಆಸರೆ ಬೇಕು. ಪೇಟೆಯ ಮಗುವಿಗೆ ಸಂಜೆ ಟ್ಯೂಷನ್ ಇದೆ, ಮನೆಯಲ್ಲಿ ಓದಿದ ತಾಯಿಯೋ ತಂದೆಯೋ ಇದ್ದಾರೆ. ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಬ್ಬಿಬ್ಬರು ಶಿಕ್ಷಕರು ಎಲ್ಲ ತರಗತಿಗಳನ್ನೂ ಒಟ್ಟಿಗೆ ನೋಡಿಕೊಳ್ಳುವುದು ಸಾಮಾನ್ಯ. ಶಾಲೆ ಬಿಟ್ಟ ಮೇಲೆ ಕೇಳಿ ತಿಳಿಯಲು ಯಾರಿಲ್ಲ.

ಅದರ ಮೇಲೆ ಪರಿಭಾಷೆಯ ಭಾರ. 'ಲಘುತ್ತಮ ಸಾಮಾನ್ಯ ಅಪವರ್ತ್ಯ' ಎಂಬ ಹೆಸರು ಕೇಳಿದರೆ ದೊಡ್ಡವರಿಗೂ ದಿಗಿಲು. ಇದನ್ನೇ ಹೀಗೆ ಕೇಳಿ: ನಿಮ್ಮ ತೋಟದಲ್ಲಿ 45 ದಿನಕ್ಕೊಮ್ಮೆ ಕಾಯಿ ಕೀಳಿಸುತ್ತೀರಿ, ಪಕ್ಕದ ತೋಟದವರು 60 ದಿನಕ್ಕೊಮ್ಮೆ. ಇವತ್ತು ಎರಡೂ ಕಡೆ ಕೀಳಿಸಿದ್ದಾಯಿತು. ಮತ್ತೆ ಒಂದೇ ದಿನ ಇಬ್ಬರಿಗೂ ಆಳು ಬೇಕಾಗುವುದು ಯಾವಾಗ? ಉತ್ತರ 180ನೇ ದಿನ. ಅದೇ ಲ.ಸಾ.ಅ. ಹೆಸರು ಆಮೇಲೆ ಹೇಳಿದರೂ ನಡೆಯುತ್ತದೆ.

ಸರ್ಕಾರಿ ಶಾಲೆಗಳಲ್ಲಿ ಈಗ ನಡೆಯುವ ಮಕ್ಕಳ ಸಂತೆ, ಮೆಟ್ರಿಕ್ ಮೇಳಗಳು, ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆಗಳು ಈ ನಂಟನ್ನು ಮತ್ತೆ ಬೆಸೆಯುವ ಪ್ರಯತ್ನಗಳೇ. ಆದರೆ ವರ್ಷಕ್ಕೊಂದು ದಿನ ಸೊಪ್ಪು ಮಾರಿಸಿ ಫೋಟೋ ತೆಗೆಸಿಕೊಂಡರೆ ಕೆಲಸ ಮುಗಿಯುವುದಿಲ್ಲ. ಸಂತೆಯಲ್ಲಿ ಮಾಡಿದ ಲೆಕ್ಕವನ್ನು ಮರುದಿನ ಕಪ್ಪುಹಲಗೆಯ ಮೇಲೆ ಬರೆದು, ಎರಡೂ ಒಂದೇ ಎಂದು ತೋರಿಸುವವರೆಗೆ ಅದು ಬರಿಯ ಜಾತ್ರೆ.

ಇಷ್ಟೆಲ್ಲ ಆದಮೇಲೆ ವೃತ್ತಿಶಿಕ್ಷಣದ ಸಿಇಟಿಯಲ್ಲಿರುವ ಶೇ 15ರ ಗ್ರಾಮೀಣ ಮೀಸಲಾತಿಯ ಅರ್ಥವೂ ಸ್ಪಷ್ಟವಾಗುತ್ತದೆ. ಅದು ಕೇಳುವುದು ಒಂದರಿಂದ ಹತ್ತನೇ ತರಗತಿಯವರೆಗೆ ಎಲ್ಲಿ ಓದಿದಿರಿ ಎಂದು. ಬುದ್ಧಿ ಕಡಿಮೆ ಎಂದು ಕೊಟ್ಟ ರಿಯಾಯಿತಿ ಅದಲ್ಲ, ಹತ್ತು ವರ್ಷ ನಡೆದ ದಾರಿ ದೂರದ್ದು ಎಂದು ಒಪ್ಪಿಕೊಂಡದ್ದು. ಆದರೆ ಆ ಬಾಗಿಲ ತನಕ ಬರುವವರು, ಆರನೇ ತರಗತಿಯಲ್ಲೇ ಗಣಿತ ಬಿಟ್ಟುಕೊಡದೆ ಉಳಿದವರು ಮಾತ್ರ.

ಮತ್ತೆ ನಮ್ಮ ಹುಡುಗಿಯ ಬಳಿಗೆ ಬರೋಣ. ಹಲಗೆಯ ಮೇಲೆ ಅವಳು ಬರೆದ ಮೊದಲ ಸಾಲು 140. ಅದು ಐದು ಕಾಯಿಯ ಬೆಲೆ. ಎಡಕ್ಕೆ ಸರಿಸಿ ಬರೆಯಬೇಕಿದ್ದ 28 ಎಂದರೆ 280. ಅದು ಹತ್ತು ಕಾಯಿಯ ಬೆಲೆ. ತೋಟದಲ್ಲಿ ಬಾಯಲ್ಲಿ ಮಾಡಿದ್ದೂ ಹಲಗೆಯ ಮೇಲೆ ಮಾಡಬೇಕಿದ್ದುದೂ ಒಂದೇ ಲೆಕ್ಕ. ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. 168ರ ಮೇಲೆ ಕೆಂಪು ಗೀಟು ಎಳೆಯುವ ಮುನ್ನ ಮೇಷ್ಟರು ಒಂದು ಪ್ರಶ್ನೆ ಕೇಳಬಹುದಿತ್ತು: 'ಅಲ್ಲಮ್ಮ, ಹದಿನೈದು ಕಾಯಿಯನ್ನು ನೂರ ಅರವತ್ತೆಂಟಕ್ಕೆ ಕೊಟ್ಟುಬಿಡ್ತೀಯಾ?' ಅವಳು ಕೊಡುವುದಿಲ್ಲ. 252 ರೂಪಾಯಿ ನಷ್ಟ ಎಂದು ಅವಳೇ ಹೇಳುತ್ತಾಳೆ, ಸೀಮೆಸುಣ್ಣ ತೆಗೆದುಕೊಂಡು ತಾನೇ ತಿದ್ದುತ್ತಾಳೆ.